ನಾರುಹುಣ್ಣಿನ ಚರಿತ್ರೆಯನ್ನು ಮರೆತ ವಾದ

ಬಡತನ ನೀಗುವವರೆಗೆ ಬಡವರ ರೋಗಗಳ ವಿರುದ್ಧದ ಜಾಗತಿಕ ಪ್ರಯತ್ನಗಳೆಲ್ಲ ವ್ಯರ್ಥವೆಂಬ ವಾದವು ನಾರುಹುಣ್ಣಿನ ಚರಿತ್ರೆಯನ್ನು ಪೂರ್ತಿ ಕಡೆಗಣಿಸಿದೆ. ಕುಡಿಯುವ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿಯ ಮೂಲಕ ದೇಹವನ್ನು ಸೇರಿ, ವರ್ಷದ ಬಳಿಕ ಉದ್ದನೆಯ ದಾರದಂಥ ಹುಳುವಾಗಿ ಹೆಚ್ಚಾಗಿ ಕಾಲಿನ ಹುಣ್ಣಿನಿಂದ ಹೊರಬರುವ ಪರಜೀವಿಯಿಂದ ತಗಲುವ ಈ ರೋಗಕ್ಕೆ ಲಸಿಕೆಯೂ ಇಲ್ಲ, ಗುಣಪಡಿಸುವ ಔಷಧವೂ ಇಲ್ಲ. ಆದರೂ 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷವಿದ್ದ ರೋಗಿಗಳ ಸಂಖ್ಯೆ 2023ರಲ್ಲಿ 14ಕ್ಕೆ ಇಳಿಯಿತು. ಕರ್ನಾಟಕವೂ ಸೇರಿದಂತೆ ಭಾರತದ ಪೀಡಿತ ರಾಜ್ಯಗಳಲ್ಲಿ, ಜನ ನೀರಿಗಿಳಿದು ಕೊಡ ತುಂಬುತ್ತಿದ್ದ ಮೆಟ್ಟಿಲುಬಾವಿಗಳನ್ನು ಮಾರ್ಪಡಿಸಿ, ಕೊಳವೆಬಾವಿ ಕೊರೆಸಿ, ನೀರನ್ನು ಬಟ್ಟೆಯಲ್ಲಿ ಸೋಸುವಂತೆ ತಿಳಿಹೇಳಿದ್ದರಿಂದ 1996ರ ನಂತರ ಹೊಸ ರೋಗಿ ಕಾಣಿಸಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವನ್ನು ರೋಗಮುಕ್ತವೆಂದು ಪ್ರಮಾಣೀಕರಿಸಿತು. ಆಗ ಆ ಹಳ್ಳಿಗಳ ಬಡತನವೇನೂ ನೀಗಿರಲಿಲ್ಲ.