ಸೈಕಲ್ಲಿನ ಕುಲುಕಾಟವೂ ಕಡತ ಸೇರಲಿ

ರಸ್ತೆ ಕಾಮಗಾರಿಯ ಬಿಲ್ಲು ಪಾವತಿಯಾಗುವುದು ಅಳತೆ ಪುಸ್ತಕದಲ್ಲಿ ನಮೂದಾದ ಉದ್ದ, ಅಗಲ, ದಪ್ಪಗಳ ಆಧಾರದ ಮೇಲೆ. ಆ ರಸ್ತೆಯಲ್ಲಿ ಸೈಕಲ್ ತುಳಿಯುವವನ ಬೆನ್ನು ಪಡುವ ಪಾಡಿಗೆ ಅಲ್ಲಿ ಅಂಕಣವಿಲ್ಲ.

ಈ ಕೊರತೆಯನ್ನು ತುಂಬುವ ಸಾಧನ ಇಂದು ಜೇಬಿನಲ್ಲೇ ಇದೆ. ಸ್ಮಾರ್ಟ್‌ಫೋನಿನಲ್ಲಿ ವೇಗೋತ್ಕರ್ಷವನ್ನಳೆಯುವ ಸಂವೇದಕವು ಪ್ರತಿ ಕುಲುಕನ್ನೂ ಗ್ರಹಿಸುತ್ತದೆ, ಜಿ.ಪಿ.ಎಸ್. ಸ್ಥಳವನ್ನು ಗುರುತಿಸುತ್ತದೆ. ಎರಡನ್ನೂ ಜೋಡಿಸಿ ನಕ್ಷೆಗೆ ಬಣ್ಣ ತುಂಬಿದರೆ ಗುಂಡಿ ಎಲ್ಲಿ, ದಿಢೀರ್ ಬ್ರೇಕು ಎಲ್ಲಿ ಎಂಬುದು ಕಣ್ಣಿಗೆ ಕಟ್ಟುತ್ತದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ತಂಡವು ‘ನೆರಿಸೆಲ್’ ಹೆಸರಿನಲ್ಲಿ 2008ರಲ್ಲಿಯೇ ವಾಹನಗಳಲ್ಲಿ ಫೋನ್ ಇರಿಸಿ ಇದನ್ನು ತೋರಿಸಿತ್ತು. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ‘ಸಿಮ್ರಾ’ ಸೈಕಲ್ ಸವಾರರಿಗೆಂದೇ, ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ದಾಖಲಿಸಲೆಂದೇ ರೂಪುಗೊಂಡಿತು. 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಆರಂಭಿಸಿದ ಮೈಸೂರಿಗೂ ಇದು ಒಗ್ಗುವ ವಿದ್ಯೆ.

ಆದರೆ ನಕ್ಷೆಯಲ್ಲಿ ಮೂಡುವುದು ಫೋನು, ಸವಾರನಲ್ಲ. ನಗರ ಬಿಟ್ಟು ಕಿಕ್ಕೇರಿಗೆ ಬಂದರೆ, ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೋಗುವ ರೈತನಾಗಲಿ, ಶಾಲೆಗೆ ಸೈಕಲ್ ತುಳಿಯುವ ಬಾಲಕಿಯಾಗಲಿ ಇಂಥ ಆ್ಯಪ್ ತೆರೆದವರಲ್ಲ. ಅವರ ದಾರಿ ನಕ್ಷೆಯಲ್ಲಿ ಖಾಲಿ. ಖಾಲಿ ಕಂಡ ದಾರಿಗೆ ಅನುದಾನವೂ ಹರಿಯದು. ಪರಿಶೀಲನೆಗೆ ಆರಿಸಿದ ವೋಚರುಗಳು ಇಡೀ ವರ್ಷದ ವಹಿವಾಟನ್ನು ಪ್ರತಿನಿಧಿಸಬೇಕೆಂಬ ಲೆಕ್ಕಪರಿಶೋಧಕರ ನಿಯಮ (ಅದು ಎಷ್ಟು ಪಾಲನೆಯಾಗುತ್ತದೆಂಬುದು ಬೇರೆ ಮಾತು) ಇಲ್ಲಿಗೂ ಸಲ್ಲುತ್ತದೆ.

ಖರ್ಚು ಹೆಚ್ಚಿನದಲ್ಲ. ಹೋಬಳಿ ಕೇಂದ್ರವಾದ ಕಿಕ್ಕೇರಿಯ ವರ್ತಕರು ನಾಲ್ಕಾರು ಫೋನುಗಳನ್ನು ಒದಗಿಸಿ, ನಿತ್ಯದ ಸವಾರರ ಸೈಕಲ್ಲುಗಳಿಗೇ ಕಟ್ಟಿಸಲಿ. ಫೋನು ಹ್ಯಾಂಡಲ್ಲಿಗೆ ಬಿಗಿದಿರಬೇಕು. ಜೇಬಿನಲ್ಲಿದ್ದರೆ ಕಾಲಿನ ಅಲುಗಾಟವೂ ರಸ್ತೆಯ ಖಾತೆಗೆ ಸೇರುತ್ತದೆ. ಸವಾರನ ಮನೆಯನ್ನು ತೋರುವ ಆರಂಭ-ಅಂತ್ಯಗಳನ್ನು ಅಳಿಸತಕ್ಕದ್ದು. ಗುತ್ತಿಗೆದಾರನ ದೋಷ ಹೊಣೆಗಾರಿಕೆಯ ಅವಧಿ ಮುಗಿದು ಭದ್ರತಾ ಠೇವಣಿ ಹಿಂತಿರುಗುವ ಮೊದಲೇ ಆ ನಕ್ಷೆ ಇಲಾಖೆಯ ಕಡತದಲ್ಲಿರಬೇಕು.