ಮಳೆಯ ಎಚ್ಚರಿಕೆ ಕನ್ನಡದಲ್ಲೂ ಬರಲಿ

ಮಳೆಗಾಲ ಬಂತೆಂದರೆ ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಬಣ್ಣಗಳು ನಮ್ಮ ಜಿಲ್ಲೆಯ ಜನರ ಬಾಯಲ್ಲಿ ಓಡಾಡತೊಡಗುತ್ತವೆ. ಶಾಲೆಗೆ ರಜೆಯುಂಟೋ ಇಲ್ಲವೋ ಎಂದು ತಿಳಿಯುವುದಕ್ಕಷ್ಟೇ ಅವುಗಳ ಉಪಯೋಗವೆಂದು ಬಗೆದವರೇ ಹೆಚ್ಚು. 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ಸಂಭವವಿದ್ದರೆ ಹಳದಿ, 204.4ರ ವರೆಗೆ ಕಿತ್ತಳೆ, ಅದಕ್ಕೂ ಮಿಗಿಲಾದರೆ ಕೆಂಪು. ಲೆಕ್ಕವೇನೋ ಸರಿಯೇ. ಆದರೆ ಗುಡ್ಡದ ಬುಡ ಕಡಿದು ಮನೆ ಕಟ್ಟಿಕೊಂಡವನಿಗೆ ಮಿಲಿಮೀಟರಿನಿಂದ ಏನಾಗಬೇಕು? ಈ ರಾತ್ರಿ ಮನೆಯಲ್ಲಿ ಮಲಗಬಹುದೇ ಎಂಬುದೊಂದೇ ಅವನ ಪ್ರಶ್ನೆ.

ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಈಗ ಗಂಭೀರವಾಗಿ ಪರಿಗಣಿಸಿದ್ದಾರೆ. ವಿಶ್ವ ಹವಾಮಾನ ಸಂಘಟನೆಯು 2015ರಲ್ಲಿ ಆರಂಭಿಸಿದ ಹತ್ತು ವರ್ಷಗಳ ಸಂಶೋಧನಾ ಯೋಜನೆಯಲ್ಲಿ ಹವಾಮಾನ ತಜ್ಞರೊಂದಿಗೆ ಸಮಾಜಶಾಸ್ತ್ರಜ್ಞರೂ ಕೆಲಸ ಮಾಡಿದರು. ಮಳೆ ಎಷ್ಟು ಬರುವುದೆಂಬುದಲ್ಲ, ಬಂದ ಮಳೆ ಏನು ಮಾಡುವುದೆಂಬುದನ್ನು ಜನರಿಗೆ ತಿಳಿಸಬೇಕೆಂಬುದು ಅವರ ನಿಲುವು. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಮಂದಿ ಬಲಿಯಾದರು. 2013ರಲ್ಲಿ ಫೈಲಿನ್ ಅಪ್ಪಳಿಸುವ ಮೊದಲೇ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರು ಕೆಲವು ಹತ್ತುಗಳಷ್ಟೇ.

ನಮ್ಮ ರಾಜ್ಯದ ಅನುಭವ ಬೇರೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಜರಿದು 250ಕ್ಕೂ ಹೆಚ್ಚು ಮಂದಿ ಮಡಿದರು. ಹಿಂದಿನ ದಿನ ಆ ಜಿಲ್ಲೆಗಿದ್ದುದು ಕಿತ್ತಳೆ ಎಚ್ಚರಿಕೆ. ಕೆಂಪು ಬಂದದ್ದು ಬೆಳಗ್ಗೆ, ಎಲ್ಲ ಮುಗಿದ ಮೇಲೆ. ಆದರೆ ಕಲ್ಪೆಟ್ಟದ ಹ್ಯೂಮ್ ಅಧ್ಯಯನ ಕೇಂದ್ರವು ಊರೂರುಗಳಲ್ಲಿ ಇರಿಸಿದ ಸುಮಾರು 200 ಮಳೆಮಾಪಕಗಳ ಲೆಕ್ಕ ನೋಡಿ, ಹಿಂದಿನ ದಿನವೇ ಅಪಾಯವನ್ನು ತಿಳಿಸಿತ್ತೆಂದು ವರದಿಯಾಯಿತು. 2020ರಲ್ಲಿ ಅದೇ ಕೇಂದ್ರದ ಮಾತು ಕೇಳಿ ಮುಂಡಕ್ಕೈಯ ಜನರನ್ನು ಸ್ಥಳಾಂತರಿಸಿದ್ದುಂಟು. ಗುಡ್ಡ ಜರಿದರೂ ಆಗ ಜೀವಹಾನಿಯಾಗಲಿಲ್ಲ. ಆ ಮಳೆಮಾಪಕಗಳನ್ನು ನೋಡುವವರು ತೋಟದವರು, ಊರಿನವರು, ದೊಡ್ಡ ವಿಜ್ಞಾನಿಗಳಲ್ಲ.

ಕಾಸರಗೋಡಿನವರಾದ ನಮಗೆ ಇದರ ಮೇಲೆ ಮತ್ತೊಂದು ತೊಡಕು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸಂಪಾಜೆ, ಸುಳ್ಯ ದಾಟಿ ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿಯಾಗುತ್ತಾಳೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಜೋಡುಪಾಲ ಈ ಹೊಳೆಯ ಮೇಲ್ಭಾಗದಲ್ಲೇ ಇದೆ. ಅಲ್ಲಿನ ಮಳೆಯ ಲೆಕ್ಕ ಹೋಗುವುದು ಬೆಂಗಳೂರಿಗೆ. ನಮಗೆ ಮುನ್ಸೂಚನೆ ಬರುವುದು ತಿರುವನಂತಪುರದಿಂದ. ಹೊಳೆಗೆ ಗಡಿಯಿಲ್ಲ, ಕಡತಕ್ಕೆ ಉಂಟು! ಕರ್ನಾಟಕದ ವಿಪತ್ತು ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತು ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಸಂಪಾಜೆಯಲ್ಲಿ ಸುರಿದ ಮಳೆಯ ಸುದ್ದಿ ಹೊಳೆನೀರಿಗಿಂತ ಮೊದಲು ನಮ್ಮ ಹೊಳೆಬದಿಯ ಪಂಚಾಯತುಗಳಿಗೆ ಮುಟ್ಟುವಂತೆ ಎರಡು ಸರಕಾರಗಳೂ ಏರ್ಪಾಡು ಮಾಡಿದರೆ ಖರ್ಚೇನೂ ಹೆಚ್ಚಾಗದು.

ಇನ್ನು ಭಾಷೆಯ ಮಾತು. ಮೊಬೈಲಿಗೆ ಬರುವ ಸಂದೇಶ ಸಾಮಾನ್ಯವಾಗಿ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಮಕ್ಕಳು ಓದಿ ಹೇಳುತ್ತಾರೆ, ನಿಜ. ಮಕ್ಕಳು ಬೆಂಗಳೂರಿನಲ್ಲಿದ್ದು, ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಎಷ್ಟಿವೆಯೆಂದು ವಾಚಕರೇ ಬಲ್ಲರು. ಕೇರಳದ 1969ರ ರಾಜಭಾಷಾ ಕಾಯಿದೆಯಂತೆ ಕನ್ನಡ ಅಲ್ಪಸಂಖ್ಯಾಕರು ಸರಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು. ರೇಶನ್ ಕಾರ್ಡಿನ ಅರ್ಜಿಗೆ ಸಿಗುವ ಮರ್ಯಾದೆ ಪ್ರಾಣಾಪಾಯದ ಸೂಚನೆಗೂ ಸಿಗಬೇಡವೇ?

ಕನ್ನಡ ಶಾಲೆಗಳ ಅಂಗಳದಲ್ಲಿ ಒಂದೊಂದು ಮಳೆಮಾಪಕವಿರಲಿ. ಮಕ್ಕಳು ದಿನವೂ ಅಳೆದು ಬರೆದಿಡಲಿ. ಕೆಂಪು ಎಚ್ಚರಿಕೆಯ ದಿನ ಪಂಚಾಯತಿನ ಜೀಪು ಧ್ವನಿವರ್ಧಕದಲ್ಲಿ, ಇಂತಿಂಥ ಗುಡ್ಡದ ಕೆಳಗಿನವರು ಸಂಜೆಯೊಳಗೆ ಇಂಥ ಶಾಲೆಗೆ ಬನ್ನಿರೆಂದು ಕನ್ನಡದಲ್ಲೂ ಸಾರಲಿ. ಮಳೆಗಾಲದ ಸಿದ್ಧತೆಯ ಸಭೆಗೆ ಮೊದಲೇ ಈ ಬೇಡಿಕೆಯನ್ನು ವಾರ್ಡು ಸದಸ್ಯರ ಕೈಗೆ ಬರೆದು ಕೊಡೋಣ, ಕನ್ನಡದಲ್ಲಿಯೇ.