ಬೆಕ್ಕಿಗೂ ಇಂಟರ್‌ವ್ಯೂನಾ ಸ್ವಾಮಿ?

ಮೊನ್ನೆ ಆಫೀಸಿನ ಗೆಳೆಯನೊಬ್ಬ ಕೆಂಡಾಮಂಡಲ ಆಗಿದ್ದ. ಬೆಕ್ಕಿನ ಮರಿ ದತ್ತು ತಗೊಳ್ಳೋಣ ಅಂತ ಬೆಂಗಳೂರಿನ ಒಂದು ರೆಸ್ಕ್ಯೂ ಸಂಸ್ಥೆಗೆ ಫೋನ್ ಮಾಡಿದ್ದಕ್ಕೆ ಅವರು 2 ಪುಟದ ಫಾರ್ಮ್ ಕಳಿಸಿದರಂತೆ. ಬಾಲ್ಕನಿಗೆ ಮೆಶ್ ಹಾಕಿಸಿದ್ದೀರಾ? ಮನೆ ಓನರ್ ಒಪ್ಪಿದ್ದಾರಾ? ಆಪರೇಷನ್ ಮಾಡಿಸ್ತೀರಾ? ಊರಿಗೆ ಹೋದಾಗ ಯಾರು ನೋಡ್ಕೋತಾರೆ? "ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ ಕಣೋ. ಬೀದಿ ಬೆಕ್ಕಿಗೆ ಇಷ್ಟು ಧಿಮಾಕಾ?" ಅಂದ.

ಸರಿಯಾಗಿ ವಿಚಾರಿಸದೆ ಹೆಣ್ಣು ಕೊಟ್ಟರೆ ಏನಾಗುತ್ತೆ ಅಂತ ಪೇಪರಿನಲ್ಲಿ ದಿನಾ ಓದ್ತೀವಿ, ಆ ಮಾತು ಬಿಡಿ. ನಾವು ಬೆಕ್ಕು ಸಾಕಿದ ಚೆಂದ ಹೇಳ್ತೀನಿ ಕೇಳಿ.

ಊರಲ್ಲಿ ನಮ್ಮ ಬೆಕ್ಕು ಅಟ್ಟದ ಮೇಲೆ ಮರಿ ಹಾಕೋದು. ಮರಿಗಳು ಓಡಾಡೋಕೆ ಶುರು ಮಾಡಿದ ಮೇಲೆ ಅಪ್ಪ ಅವನ್ನ ಗೋಣಿಚೀಲಕ್ಕೆ ತುಂಬಿ, ದಾರಿ ಗುರುತು ಸಿಗದಿರಲಿ ಅಂತ ಬಾಯಿ ಕಟ್ಟಿ, ಸಂತೆಮಾಳದ ಮೀನಂಗಡಿ ಹಿಂದೆ ಬಿಟ್ಟು ಬರೋರು. ಸೈಕಲ್ ಕ್ಯಾರಿಯರ್ ಮೇಲೆ ಆ ಚೀಲ ಹಿಡಿದು ಕೂತಿರುತ್ತಿದ್ದವನು ನಾನು. "ಮೀನಿನ ತಲೆ ತಿಂದ್ಕೊಂಡು ಬದುಕ್ತಾವೆ ಬಿಡೋ" ಅನ್ನೋರು. ಮುಂದಿನ ಸಂತೆಗೆ ಹೋದಾಗ ಹುಡುಕುತ್ತಿದ್ದೆ. ಒಂದೂ ಕಣ್ಣಿಗೆ ಬಿದ್ದಿಲ್ಲ.

ಹೆಣ್ಣು ಬೆಕ್ಕು 5-6 ತಿಂಗಳಿಗೇ ಗಬ್ಬ ಆಗಬಹುದು. 9 ವಾರಕ್ಕೆ ಮರಿ. ಆ ಮರಿಗಳು ಹಾಲು ಕುಡಿಯುತ್ತಿರುವಾಗಲೇ ಇನ್ನೊಂದು ಗಬ್ಬ. ಹೀಗಿದ್ದೂ ನಮ್ಮ ಜನಕ್ಕೆ ಆಪರೇಷನ್ ಅಂದರೆ ಪಾಪ, ಗೋಣಿಚೀಲ ಮಾತ್ರ ಪಾಪ ಅಲ್ಲ! ಈಗ ಚೀಲ ಹೋಗಿ ರಟ್ಟಿನ ಡಬ್ಬ ಬಂದಿದೆ, ಅಷ್ಟೇ. ರಾತ್ರೋರಾತ್ರಿ ಅದನ್ನ ತಂದು ಇಡೋದು ಇದೇ ರೆಸ್ಕ್ಯೂನವರ ಗೇಟಿನ ಮುಂದೆ. ಅವರು ಪ್ರಶ್ನೆ ಕೇಳದೆ ಇನ್ನೇನು ಮಾಡಬೇಕು?

ಮೆಶ್ ವಿಷಯಕ್ಕೆ ಬನ್ನಿ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತೆ ಅಂತಾರೆ. ನಮ್ಮ ಬಿಲ್ಡಿಂಗಿನ 4ನೇ ಮಹಡಿಯಿಂದ ಪಾರಿವಾಳದ ಹಿಂದೆ ಹಾರಿದ ಬೆಕ್ಕೂ ಕಾಲ ಮೇಲೇ ಬಿತ್ತು. ದವಡೆ ಮುರಿದಿತ್ತು. ಇನ್ನು ಮೊಸರನ್ನದಲ್ಲೇ ಸಾಕ್ತೀವಿ ಅನ್ನೋ ಮನೆಗಳು. ನೀವು ಸಸ್ಯಾಹಾರಿಗಳಾಗಿರಿ, ಸಂತೋಷ. ಬೆಕ್ಕು ಆಗಲಾರದು. ಮಾಂಸ, ಮೀನಿನಲ್ಲಿ ಸಿಗುವ ಟಾರಿನ್ ಕಡಿಮೆಯಾದರೆ ಅದರ ಕಣ್ಣೂ ಹೋಗುತ್ತೆ, ಹೃದಯವೂ ಹಾಳಾಗುತ್ತೆ.

ಹಾಗಂತ ರೆಸ್ಕ್ಯೂನವರು ಮಾಡಿದ್ದೆಲ್ಲ ಸರಿ ಅಂತಲೂ ಅಲ್ಲ. ಬಾಡಿಗೆ ಮನೆ, ಬ್ಯಾಚುಲರ್ ಅಂದ ಕೂಡಲೆ ಫೋನ್ ಇಡೋರೂ ಇದ್ದಾರೆ. ಅದು ಮನೆ ಓನರ್‌ಗಳ ಬುದ್ಧಿ, ಅದನ್ನ ನೀವು ಕಲಿಯಬೇಡಿ. ಓನರ್ ಒಪ್ಪಿಗೆ ಕೇಳಿ, ಮನೆಗೇ ಬಂದು ನೋಡಿ. ಸ್ವಂತ ಮನೆ ಇಲ್ಲ ಅನ್ನೋದು ಬೆಕ್ಕಿಗೆ ಲೆಕ್ಕಕ್ಕೇ ಇಲ್ಲ.

ಗೆಳೆಯ ಕೊನೆಗೆ ಹಾಕಿದ ಬೆದರಿಕೆ ಬೇರೆ: "ದುಡ್ಡು ಬಿಸಾಕಿದ್ರೆ ಪರ್ಷಿಯನ್ ಮರಿ ಸಿಗುತ್ತೆ. ಒಂದು ಪ್ರಶ್ನೆನೂ ಕೇಳಲ್ಲ." ನಿಜ, ಕೇಳಲ್ಲ. ದಿನಾ ಕೂದಲು ಬಾಚಬೇಕು ಅಂತ ಹೇಳಲ್ಲ, ಆ ಚಪ್ಪಟೆ ಮೂಗಿನಿಂದ ಉಸಿರಾಟಕ್ಕೆ ತೊಂದರೆಯಾಗಬಹುದು ಅಂತಲೂ ಹೇಳಲ್ಲ. ಕೂದಲು ಗಂಟು ಕಟ್ಟಿ ಚರ್ಮ ಹುಣ್ಣಾದ ಮೇಲೆ ಅದೂ ರಟ್ಟಿನ ಡಬ್ಬದಲ್ಲಿ ಬರೋದು ಅದೇ ಗೇಟಿಗೆ.

ಫಾರ್ಮ್ ಇನ್ನೂ ಅವನ ವಾಟ್ಸಾಪಿನಲ್ಲೇ ಇದೆ. ಮೆಶ್‌ಗೆ ರೇಟು ವಿಚಾರಿಸಿದ್ದಾನಂತೆ. ಊರಿಗೆ ಹೋದಾಗ ಯಾರು ನೋಡ್ಕೋತಾರೆ ಅನ್ನೋ ಕಾಲಂನಲ್ಲಿ ನನ್ನ ಹೆಸರು ಬರೆಯಲಾ ಅಂತ ನಿನ್ನೆ ಕೇಳಿದ. ಬರಿ ಅಂದೆ.